ವಿಷಕ್ಕೆ ಮದ್ದು, ಮದ್ದಿಗೂ ಒಂದು ಮದ್ದು

'ವಿಷ ಇಳೀತಿತ್ತು, ಇಂಜೆಕ್ಷನ್ನೇ ಮೈಗೆ ಆಗಿಬರಲಿಲ್ಲ.' ಹಾವು ಕಚ್ಚಿದ ಸುದ್ದಿ ಬಂದಾಗೆಲ್ಲ ನಮ್ಮ ಕಡೆ ಈ ಮಾತು ಕೇಳುತ್ತೇವೆ. ಹೊಳೆನರಸೀಪುರದ ಗದ್ದೆ, ಅರಕಲಗೂಡಿನ ಹೊಗೆಸೊಪ್ಪಿನ ಹೊಲ, ಚನ್ನರಾಯಪಟ್ಟಣದ ತೆಂಗಿನ ತೋಟ, ಎಲ್ಲ ಕಡೆಯೂ ಹಾವಿನ ಭಯ ಇದ್ದದ್ದೇ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ನಂಬಿ ಡ್ರಿಪ್ ಕೀಳಿಸಿ ನಾಟಿ ಮದ್ದಿಗೆ ಕರೆದೊಯ್ದರೆ ಜೀವಕ್ಕೇ ಕುತ್ತು. ಹಾಗಾಗಿ ಇದರ ಇತಿಹಾಸ ಗೊತ್ತಿರುವುದು ಒಳ್ಳೆಯದು.

1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ನಾಗರಹಾವಿನ ವಿಷಕ್ಕೆ ಸೀರಂ ತಯಾರಿಸಿದರು. ಇಂದಿಗೂ ನಮ್ಮ ದೇಶದಲ್ಲಿ ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಿಂದಲೇ ಮದ್ದು ತೆಗೆಯುತ್ತಾರೆ. ಕುದುರೆಯ ಆ ಅಂಶವನ್ನು ಕೆಲವರ ಮೈ ಶತ್ರು ಎಂದು ತಿಳಿದು ತಿರುಗಿ ಬೀಳುತ್ತದೆ.

ಮೈ ಹೀಗೆ ತಿರುಗಿ ಬೀಳುವುದನ್ನು ಮೊದಲು ಗುರುತಿಸಿ ಹೆಸರಿಟ್ಟವರು ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ. 1902ರಲ್ಲಿ ಅವರು ನಾಯಿಗೆ ಸಮುದ್ರಜೀವಿಯ ವಿಷ ಚುಚ್ಚಿದರು, ನಾಯಿ ಚೇತರಿಸಿಕೊಂಡಿತು. ಕೆಲವು ವಾರ ಬಿಟ್ಟು ಅದೇ ವಿಷವನ್ನು ಚೂರೇ ಚೂರು ಕೊಟ್ಟಾಗ 25 ನಿಮಿಷದಲ್ಲಿ ಸತ್ತಿತು. ಇದಕ್ಕೆ ಅವರಿಟ್ಟ ಹೆಸರು ಅನಾಫಿಲಾಕ್ಸಿಸ್. ರಿಶೆ ಅವರಿಗೆ 1913ರಲ್ಲಿ ನೊಬೆಲ್ ಬಂತು. ಸರಿಸುಮಾರು ಅದೇ ಹೊತ್ತಿಗೆ, 1901ರ ಸುಮಾರಿನಲ್ಲಿ, ಜಪಾನಿನ ಜೋಕಿಚಿ ಟಾಕಮಿನೆ ಅಮೆರಿಕದಲ್ಲಿ ಅಡ್ರಿನಲಿನ್ ಬೇರ್ಪಡಿಸಿದ್ದರು. ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ಮದ್ದೂ ಸಿಕ್ಕಿತ್ತು. ನೂರು ವರ್ಷ ಕಳೆದರೂ ಇದಕ್ಕೆ ಮೊದಲ ಮದ್ದು ಅದೇ.

ಗುರುತಿಸುವುದು ಹೇಗೆ? ಇಂಜೆಕ್ಷನ್, ಲಸಿಕೆ ಅಥವಾ ಡ್ರಿಪ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಪಿತ್ತಗಂಧೆಯಂತೆ ದದ್ದು, ತುರಿಕೆ, ತುಟಿ ನಾಲಿಗೆ ಊತ, ಗೊರಗೊರ ದನಿ, ಉಬ್ಬಸ, ವಾಂತಿ, ತಲೆಸುತ್ತು ಕಾಣಬಹುದು. ದದ್ದೇ ಏಳದೆ ಬಿ.ಪಿ. ಕುಸಿಯುವುದೂ ಉಂಟು. ಬರೀ ಗಂಧೆ ಎದ್ದರೆ ಕರಿಕಂಬಳಿ ಹೊದೆಸುವ ರೂಢಿ ನಮ್ಮಲ್ಲಿದೆ. ಉಸಿರು ಕಟ್ಟುವಾಗ ಅದನ್ನು ನೆಚ್ಚಿ ಕೂರಬಾರದು, ತಕ್ಷಣ ಸಿಸ್ಟರನ್ನು ಕೂಗಬೇಕು.

ಆಸ್ಪತ್ರೆಯವರು ಡ್ರಿಪ್ ನಿಲ್ಲಿಸಿ, ತೊಡೆಯ ಹೊರಬದಿಯ ಮಾಂಸಖಂಡಕ್ಕೆ ಅಡ್ರಿನಲಿನ್ ಕೊಡುತ್ತಾರೆ. ದೊಡ್ಡವರಿಗೆ ಅರ್ಧ ಮಿಲಿಗ್ರಾಂ. ಇಳಿಯದಿದ್ದರೆ ಐದು ನಿಮಿಷ ಬಿಟ್ಟು ಇನ್ನೊಂದು. ಜೊತೆಗೆ ಆಕ್ಸಿಜನ್, ಸಲೈನ್. ಎವಿಲ್, ಹೈಡ್ರೋಕಾರ್ಟಿಸೋನ್ ಏನಿದ್ದರೂ ಆಮೇಲಿನ ಮಾತು, ಅಡ್ರಿನಲಿನ್ನಿನ ಜಾಗಕ್ಕೆ ಅವು ಬರುವುದಿಲ್ಲ. ರೋಗಿಯನ್ನು ಕಾಲು ಮೇಲೆತ್ತಿ ಮಲಗಿಸಬೇಕು, ಉಸಿರಾಡಲು ಕಷ್ಟವಾದರೆ ಒರಗಿ ಕೂರಿಸಬೇಕು. ಎಬ್ಬಿಸಿ ನಡೆಸಲೇಬಾರದು.

ಹಾವಿನ ಮದ್ದಿಗೆ ಮೊದಲೇ ಟೆಸ್ಟ್ ಡೋಸ್ ಯಾಕೆ ಕೊಡಲಿಲ್ಲ ಎಂದು ಜಗಳ ತೆಗೆಯುವವರಿದ್ದಾರೆ. ಆ ಪರೀಕ್ಷೆಯಿಂದ ಯಾರಿಗೆ ಆಗಿಬರುವುದಿಲ್ಲ ಎಂಬುದು ನಿಖರವಾಗಿ ತಿಳಿಯುವುದಿಲ್ಲ. ಅದಕ್ಕೇ ಅಡ್ರಿನಲಿನ್ ಸಿದ್ಧವಿಟ್ಟುಕೊಂಡೇ ಮದ್ದು ಶುರುಮಾಡುತ್ತಾರೆ. ಮೈ ತಹಬಂದಿಗೆ ಬಂದ ಮೇಲೆ ಅದೇ ಮದ್ದನ್ನು ನಿಧಾನವಾಗಿ ಮತ್ತೆ ಹಾಕುತ್ತಾರೆ, ಯಾಕೆಂದರೆ ವಿಷ ಇನ್ನೂ ಒಳಗೇ ಇರುತ್ತದೆ. ಮದ್ದು ನಿಲ್ಲಿಸಿದ ಗಳಿಗೆ ಮನೆಯವರಿಗೆ ಸೋಲಿನಂತೆ ಕಾಣುತ್ತದೆ. ಅದು ಚಿಕಿತ್ಸೆಯದೇ ಒಂದು ಭಾಗ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಆದೇಶಿಸಿತು. ಲೆಕ್ಕ ಇಡುವುದು ಸರ್ಕಾರದ ಕೆಲಸವಾದರೆ, ನಮ್ಮದೂ ಒಂದು ಕೆಲಸವಿದೆ. ಯಾವ ಮದ್ದು ಮೈಗೆ ಆಗಿಬರಲಿಲ್ಲವೋ ಅದರ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ತೋರಿಸಿ. ಕೆಲವು ಗಂಟೆ ಬಿಟ್ಟು ಇದು ಮರುಕಳಿಸಬಹುದು, ಡಾಕ್ಟರು ಹೇಳುವ ತನಕ ಮನೆಗೆ ಹೊರಡಬೇಡಿ.