ಹಿರಿಯಣ್ಣನವರಿಗೆ ಎಷ್ಟು ಅಂಕ?

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಪ್ರೊ. ಎಂ. ಹಿರಿಯಣ್ಣನವರು 1927ರಲ್ಲಿ ನಿವೃತ್ತರಾದರು. ಅವರ ಹೆಸರನ್ನು ದೂರದೂರಕ್ಕೆ ಒಯ್ದ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ಲಂಡನ್ನಿನಲ್ಲಿ ಅಚ್ಚಾದದ್ದು 1932ರಲ್ಲಿ. ಆಗ ಅವರಿಗೆ ಅರವತ್ತು ದಾಟಿತ್ತು. ವಿಶ್ವವಿದ್ಯಾನಿಲಯದಲ್ಲಿ ಅವರು ಹಲವು ವರ್ಷ ಮಾಡಿದ ಪಾಠಗಳೇ ಆ ಪುಸ್ತಕದ ಬುನಾದಿ.

ಇನ್ನು 2010ಕ್ಕೆ ಬರೋಣ. ಆ ವರ್ಷ ಯುಜಿಸಿ ಅಧ್ಯಾಪಕರ ಬಡ್ತಿಗೆ ‘ಎಪಿಐ’ ಎಂಬ ಅಂಕ ಪದ್ಧತಿ ತಂದಿತು. ಪಾಠಕ್ಕೆ, ಪಠ್ಯೇತರ ಕೆಲಸಕ್ಕೆ, ಸಂಶೋಧನೆಗೆ ಬೇರೆ ಬೇರೆ ಅಂಕ. ಪರಿಣತರು ಪರಿಶೀಲಿಸುವ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂದರೆ 15, ಅಂತಾರಾಷ್ಟ್ರೀಯ ಪ್ರಕಾಶಕರಿಂದ ಒಂದು ಇಡೀ ಗ್ರಂಥ ಬಂದರೆ 50. ಅಂದರೆ ಒಂದು ಜೀವಮಾನದ ಪುಸ್ತಕಕ್ಕಿಂತ ನಾಲ್ಕು ಪ್ರಬಂಧಗಳ ತೂಕವೇ ಹೆಚ್ಚು!

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಕೇಳುವವರಿಲ್ಲದ ಕಾಲದಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ನೋಟ್ಸನ್ನೇ ವರ್ಷವರ್ಷವೂ ಬರೆಸಿ ಮನೆಗೆ ಹೋದವರೂ ಇದ್ದರು. ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ಎಣಿಸಲು ಸುಲಭವಾದದ್ದನ್ನೇ ಎಣಿಸುತ್ತಾ ಹೋದಾಗ ಜನ ಅದನ್ನೇ ತಯಾರಿಸತೊಡಗುತ್ತಾರೆ. ದುಡ್ಡು ಕೊಟ್ಟರೆ ವಾರದೊಳಗೆ ಪ್ರಕಟಿಸುವ ಪತ್ರಿಕೆಗಳು ಹುಟ್ಟಿಕೊಂಡವು. 2018ರ ಮೇ ತಿಂಗಳಲ್ಲಿ ಯುಜಿಸಿಯೇ ತನ್ನ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಅದೇ ವರ್ಷದ ಹೊಸ ನಿಯಮಾವಳಿಯಲ್ಲಿ ಕಾಲೇಜು ಅಧ್ಯಾಪಕರಿಗೆ ಎಪಿಐ ಪದ್ಧತಿ ಹೋಯಿತು.

ಫೈಲು ಮಾತ್ರ ಹೋಗಲಿಲ್ಲ. ನಾನು ಕಂಡ ಒಂದು ಸ್ಟಾಫ್ ರೂಮಿನಲ್ಲಿ ಬಡ್ತಿಯ ಅರ್ಜಿ ತುಂಬುವ ವಾರ ಯಾರೂ ಪುಸ್ತಕ ಬಿಚ್ಚುತ್ತಿರಲಿಲ್ಲ. ಪ್ರಮಾಣಪತ್ರ, ಫೋಟೋ, ಸಹಿ, ಮೊಹರು, ಇವುಗಳದೇ ಹುಡುಕಾಟ. ಸಹೋದ್ಯೋಗಿಯೊಬ್ಬರಿಗೆ ಬಿ.ಪಿ. ಶುರುವಾದದ್ದೂ ಅಂಥದೊಂದು ವಾರದಲ್ಲೇ. ಆಮೇಲೆ ಕಾಲೇಜಿನಲ್ಲಿ ‘ಒತ್ತಡ ನಿರ್ವಹಣೆ’ ಕಾರ್ಯಾಗಾರ ನಡೆಯಿತು. ಉಸಿರು ಎಳೆದುಕೊಳ್ಳಿ, ನಿಧಾನವಾಗಿ ಬಿಡಿ ಎಂದರು. ಮುಗಿದ ಮೇಲೆ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. ಅದೂ ಫೈಲಿಗೆ ಸೇರಿತು.

ಒತ್ತಡ ಅಧ್ಯಾಪಕರ ಮನಸ್ಸಿನ ದೌರ್ಬಲ್ಯವೆಂದು ತಿಳಿದರೆ ಪ್ರಾಣಾಯಾಮವೇ ಮದ್ದು. ಅದು ಅಳೆಯುವ ಕೋಲಿನಲ್ಲೇ ಇದ್ದರೆ? ಆಗ ತಿದ್ದಬೇಕಾದದ್ದು ಕೋಲನ್ನು. ಒಂದೇ ವಿಷಯವನ್ನು ವರ್ಷಗಟ್ಟಲೆ ಪಾಠ ಮಾಡುತ್ತಾ ಮಾಗಿಸುವ ಮೇಷ್ಟ್ರಿಗೆ ಆ ಫಾರಂನಲ್ಲಿ ಒಂದು ಕಾಲಂ ಇರಬೇಕಿತ್ತು. ಹಿರಿಯಣ್ಣನವರ ಪುಸ್ತಕ ಬಂದದ್ದು ನಿವೃತ್ತಿಯ ಐದು ವರ್ಷಗಳ ನಂತರ. ಬಡ್ತಿಯ ಲೆಕ್ಕದಲ್ಲಿ ಅದಕ್ಕೆ ಸಿಗುವ ಅಂಕ ಸೊನ್ನೆ. ವಿದ್ಯಾರ್ಥಿಗಳು ಇವತ್ತಿಗೂ ಅದನ್ನು ಓದುತ್ತಿದ್ದಾರೆ.