ಸೂಜಿಯಿಂದ ಗುಳಿಗೆಗೆ

ವೈದ್ಯರ ಚೀಟಿಯಲ್ಲಿ ‘ಊಟಕ್ಕೆ ಮುಂಚೆ’ ಎಂದೋ ‘ಊಟವಾದ ಮೇಲೆ’ ಎಂದೋ ಬರೆದಿರುವುದನ್ನು ನಾವು ಎಷ್ಟರಮಟ್ಟಿಗೆ ಗಮನಿಸುತ್ತೇವೆ? ಮದ್ದು ಹೊಟ್ಟೆಗೆ ಸೇರಿದರಾಯಿತು, ಹೊತ್ತುಗೊತ್ತಿನ ಹಂಗೇಕೆ ಎನ್ನುವವರು ಬಹಳ ಮಂದಿ. ಗುಳಿಗೆಗಿಂತ ಸೂಜಿಯೇ ಮೇಲು ಎನ್ನುವವರೂ ಕಡಿಮೆಯೇನಿಲ್ಲ. ಈ ಎರಡು ವಿಷಯಗಳಿಗೂ ಒಂದು ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿಯೇ.

ಜೀವಿರೋಧಕ ಔಷಧಗಳಲ್ಲಿ ಮೊದಲು ಮನೆಮಾತಾದುದು ಪೆನಿಸಿಲಿನ್. 1928ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗರು ಬೂಷ್ಟಿನಲ್ಲಿ ಅದನ್ನು ಕಂಡರು. 1941ರಲ್ಲಿ ಆಕ್ಸ್‌ಫರ್ಡಿನ ಫ್ಲೋರಿ ಮತ್ತು ಅವರ ಸಂಗಡಿಗರು ಅದನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಬಾಯಿಂದ ಕೊಟ್ಟರೆ ಜಠರದ ಆಮ್ಲವು ಅದರ ಬಹುಪಾಲನ್ನು ಹಾಳುಮಾಡುತ್ತಿತ್ತು. ರಕ್ತಕ್ಕೆ ಸೇರಿದ್ದು ಕೂಡ ಬಹುಬೇಗ ಮೂತ್ರದಲ್ಲಿ ಹೊರಟುಹೋಗುತ್ತಿತ್ತು. ಆದ್ದರಿಂದ ಮೂರು ನಾಲ್ಕು ಗಂಟೆಗೊಮ್ಮೆ ಸೂಜಿ ಹಾಕಬೇಕಾಯಿತು. ಸೂಜಿ ಬೇಕಾದದ್ದು ಔಷಧದ ಬಲವನ್ನು ಹೆಚ್ಚಿಸಲೆಂದಲ್ಲ, ಜಠರವನ್ನು ದಾಟಿಸಲೆಂದು. 1950ರ ದಶಕದಲ್ಲಿ ಆಮ್ಲವನ್ನು ತಡೆದುಕೊಳ್ಳಬಲ್ಲ ಪೆನಿಸಿಲಿನ್ ಬಂದ ಮೇಲೆ, ಎಷ್ಟೋ ಕಾಯಿಲೆಗಳಿಗೆ ಗುಳಿಗೆಯೇ ಸಾಕಾಯಿತು.

ಕ್ಷಯದ ಕಥೆ ಇನ್ನೂ ಕಠಿನವಾದದ್ದು. 1943ರಲ್ಲಿ ಅಮೆರಿಕದಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಕ್ಷಯದ ರೋಗಾಣುವನ್ನು ಎದುರಿಸಿದ ಮೊದಲ ಜೀವಿರೋಧಕ ಅದು. ಆದರೆ ನುಂಗಿದರೆ ಕರುಳು ಅದನ್ನು ಹೀರಿಕೊಳ್ಳದು, ಸೂಜಿಯೇ ಗತಿ. ರಾಮನಗರದ ಬಳಿಯ ಕೂಟಗಲ್‌ನಂಥ ಹೋಬಳಿಯ ಊರಿನಲ್ಲಿರುವ ರೈತನೊಬ್ಬನನ್ನು ಊಹಿಸಿಕೊಳ್ಳಿ. ದಿನಕ್ಕೊಂದು ಸೂಜಿಗಾಗಿ ತಿಂಗಳುಗಟ್ಟಲೆ ಆಸ್ಪತ್ರೆಗೆ ನಡೆದರೆ, ರಾಗಿ ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆಹುಳು ಇವನ್ನೆಲ್ಲ ನೋಡುವವರು ಯಾರು? ಕೆಮ್ಮು ಕೊಂಚ ತಗ್ಗಿತೆಂದರೆ ಮದ್ದನ್ನು ಬಿಟ್ಟುಬಿಡುವುದು ಸಹಜವೇ. ಆದರೆ ಅರ್ಧಕ್ಕೆ ಬಿಟ್ಟರೆ ಉಳಿದುಕೊಂಡ ರೋಗಾಣುಗಳು ಮದ್ದಿಗೇ ಮಣಿಯದಂತಾಗಬಹುದು. ಆಗ ಅಪಾಯ ರೋಗಿಗೆ ಮಾತ್ರವಲ್ಲ, ಮನೆಮಂದಿಗೂ ಹೌದು.

ಈ ತೊಡಕನ್ನು ಬಿಡಿಸುವಲ್ಲಿ ಬಾಯಿಂದ ಸೇವಿಸುವ ಪಿ.ಎ.ಎಸ್. ಮತ್ತು 1952ರಲ್ಲಿ ಬಳಕೆಗೆ ಬಂದ ಐಸೋನಿಯಾಜಿಡ್ ನೆರವಾದವು. ಇವು ಜೀವಿಗಳಿಂದ ಬಂದವಲ್ಲ, ರಸಾಯನಶಾಲೆಯಲ್ಲಿ ತಯಾರಾದವು. 1956ರಲ್ಲಿ ಮದರಾಸಿನಲ್ಲಿ ಪ್ರಾರಂಭವಾದ ಸಂಶೋಧನೆಯಲ್ಲಿ ಕೆಲವು ರೋಗಿಗಳಿಗೆ ಆರೋಗ್ಯಧಾಮದಲ್ಲಿಯೂ ಕೆಲವರಿಗೆ ಅವರವರ ಮನೆಯಲ್ಲಿಯೂ ಈ ಎರಡು ಮದ್ದುಗಳನ್ನು ಒಂದು ವರ್ಷ ಕೊಟ್ಟರು. ಮನೆಯವರಿಗೆ ಪುಷ್ಟಿಯಾದ ಊಟವಿರಲಿಲ್ಲ, ವಿಶ್ರಾಂತಿಯೂ ಕಡಿಮೆ. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. 1960ರ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ಕೆಮ್ಮಿನಿಂದ ನರಳುವವರಲ್ಲಿ ಅನೇಕರು ತಾವಾಗಿಯೇ ಹತ್ತಿರದ ಆಸ್ಪತ್ರೆಗೆ ಹೋಗಿ, ಬರಿಯ ಕೆಮ್ಮಿನ ಔಷಧ ಪಡೆದು ಮರಳಿದ್ದು ತಿಳಿದುಬಂದಿತು. ಜನ ಉದಾಸೀನರಾಗಿರಲಿಲ್ಲ, ತಕ್ಕ ಮದ್ದು ಅವರ ಬಳಿಗೆ ಬಂದಿರಲಿಲ್ಲ. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮವು ಕಫದ ಪರೀಕ್ಷೆಯನ್ನೂ ಚಿಕಿತ್ಸೆಯನ್ನೂ ಜಿಲ್ಲೆಯ ಸಾಮಾನ್ಯ ಆಸ್ಪತ್ರೆಗಳಿಗೇ ಒಪ್ಪಿಸಿತು. ಗುಳಿಗೆಯಿಲ್ಲದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಮದ್ದು ಬಾಯಿಯ ದಾರಿ ಹಿಡಿದ ಮೇಲೆ ಊಟದ ಪ್ರಶ್ನೆ ಎದ್ದಿತು. ಪಿ.ಎ.ಎಸ್. ಹೊಟ್ಟೆಯನ್ನು ಕೆಡಿಸುತ್ತಿದ್ದುದರಿಂದ ಅದಕ್ಕೆ ಊಟದ ಆಸರೆ ಬೇಕಾಗಿತ್ತು. 1960ರ ದಶಕದ ಕೊನೆಗೆ ಬಂದ ರಿಫಾಂಪಿಸಿನ್ನಿನ ಸ್ವಭಾವವೇ ಬೇರೆ. ಹೊಟ್ಟೆ ತುಂಬಿದ್ದರೆ ಅದು ರಕ್ತಕ್ಕೆ ಕಡಿಮೆ ಸೇರುತ್ತದೆ; ಊಟಕ್ಕೆ ಒಂದು ಗಂಟೆ ಮುಂಚೆ ಇಲ್ಲವೆ ಎರಡು ಗಂಟೆ ತರುವಾಯ ತೆಗೆದುಕೊಳ್ಳುವುದು ಲೇಸು. ಟೆಟ್ರಾಸೈಕ್ಲಿನ್ ಹಾಲಿನಲ್ಲಿರುವ ಸುಣ್ಣದ ಅಂಶದೊಡನೆ ಬೆಸೆದುಕೊಂಡು ವ್ಯರ್ಥವಾಗುತ್ತದೆ. ಅದನ್ನು ಹಾಲಿನೊಡನೆ ನುಂಗಬಾರದು, ನೀರೇ ಸರಿ. 1970ರ ದಶಕದಲ್ಲಿ ಬಂದ ಅಮಾಕ್ಸಿಸಿಲಿನ್‌ಗೆ ಊಟದ ಕಟ್ಟುಪಾಡಿಲ್ಲ.

ಹೀಗೆ ಒಂದೊಂದು ಮದ್ದಿಗೂ ಒಂದೊಂದು ದಾರಿ, ಒಂದೊಂದು ಹೊತ್ತು. ನೆರೆಮನೆಯವರಿಗೆ ಒಗ್ಗಿದ ಕ್ರಮ ನಮಗೂ ಸಲ್ಲುವುದೆಂದು ಹೇಳುವಂತಿಲ್ಲ. ಬರಿಹೊಟ್ಟೆಯಲ್ಲಿ ತೆಗೆದುಕೊಂಡು ವಾಕರಿಕೆ ಬಂದರೆ ಮದ್ದನ್ನು ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಊಟದೊಡನೆ ಕೊಡಬಹುದೇ ಎಂಬುದನ್ನು ಅವರು ಹೇಳುತ್ತಾರೆ. ಗುಳಿಗೆ ಸಾಕೆಂದು ವೈದ್ಯರು ಹೇಳಿದಾಗ ಸೂಜಿಗಾಗಿ ಹಟ ಹಿಡಿಯುವುದು ಬೇಡ. ಚೀಟಿಯ ಆ ಸಣ್ಣ ಮಾತಿನಲ್ಲಿ ಹಲವು ವರ್ಷಗಳ ಪರಿಶ್ರಮ ಅಡಗಿದೆ. ಅದನ್ನು ಕೊನೆಯ ಗುಳಿಗೆಯವರೆಗೂ ಪಾಲಿಸುವುದು ಮಾತ್ರ ನಮ್ಮ ಕೈಯಲ್ಲಿದೆ.