ಕತ್ತಲೆಕಾನಿನ ಜಡ್ಡಿಯ ಮರಗಳು



ಸಂಘಕ್ಕೆ 25 ವರ್ಷ ತುಂಬಿದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಹೇಳಿದರು. ಸಾಲ, ಠೇವಣಿ, ಲಾಭಾಂಶದ ಲೆಕ್ಕ ವರದಿಯಲ್ಲಿ ಉಂಟು. ನಾನು ನಮ್ಮ ಸೀಮೆಯ ಮರಗಳ ಚರಿತ್ರೆ ಬರೆಯುತ್ತೇನೆ.

ಮಾವಿನಗುಂಡಿ ದಾಟಿ ಹೊನ್ನಾವರದ ಕಡೆ ಘಟ್ಟ ಇಳಿಯುವಾಗ ಕತ್ತಲೆಕಾನು ಸಿಗುತ್ತದೆ. ಹೆಸರೇ ಹೇಳುವ ಹಾಗೆ ಮಧ್ಯಾಹ್ನವೂ ಮಬ್ಬು. ಅದರೊಳಗೆ ವರ್ಷವಿಡೀ ನೀರು ಜಿನುಗುವ ರಾಮಪತ್ರೆ ಜಡ್ಡಿಗಳಿವೆ. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲವಲ್ಲ, ಅದಕ್ಕೇ ಅಲ್ಲಿಯ ಮರಗಳ ಬೇರು ಮೊಣಕಾಲು ಮಡಚಿದ ಹಾಗೆ ಮೇಲೆದ್ದು ಉಸಿರಾಡುತ್ತದೆ. ನೋಡದವರು ಒಮ್ಮೆ ಹೋಗಿ ನೋಡಬೇಕು.

ಹಿಂದೆ ಕಾನು ಎಂದರೆ ಕಾಳುಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. 1801ರಲ್ಲಿ ಈ ಕಡೆ ತಿರುಗಿದ ಬುಕಾನನ್ ಸಾಹೇಬರೂ ಕಾಡಿನ ಮೆಣಸಿನ ಬಗ್ಗೆ ಬರೆದಿದ್ದಾರೆ. ಬಳ್ಳಿಗೆ ಮರ ಬೇಕು, ಹಾಗಾಗಿ ಮರ ಉಳಿಯಿತು. ಆದರೆ ಜಡ್ಡಿಗಳ ಗತಿ ಬೇರೆ. ನೀರಿದ್ದ ಜಾಗ ಎಂದು ಹಿರಿಯರು ಕಾಲುವೆ ತೋಡಿ ಅಡಿಕೆ ತೋಟ, ಗದ್ದೆ ಮಾಡಿದರು. ಹೊಟ್ಟೆಪಾಡು, ತಪ್ಪೆನ್ನಲಾರೆ. ಸ್ವಾತಂತ್ರ್ಯದ ನಂತರ ಪ್ಲೈವುಡ್ಡಿಗೆ, ಬೆಂಕಿಪೆಟ್ಟಿಗೆಗೆ ಕಾಡಿನ ಮೆದು ಮರಗಳು ಲಾರಿ ಹತ್ತಿದವು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕು ಸಾಲ್ಕಣಿಯವರು ಮರ ಅಪ್ಪಿಕೊಂಡು ಕೊಡಲಿ ತಡೆದರು. ಅದೇ ಅಪ್ಪಿಕೋ ಚಳವಳಿ.

2000ದಲ್ಲಿ ಒಂದು ಆಶ್ಚರ್ಯ. ಕತ್ತಲೆಕಾನಿನ ಜಡ್ಡಿಯಲ್ಲಿದ್ದ ಗೇರು ಜಾತಿಯ ದೊಡ್ಡ ಮರವೊಂದು ವಿಜ್ಞಾನಕ್ಕೇ ಹೊಸದೆಂದು ದಾಸಪ್ಪ ಮತ್ತು ಸ್ವಾಮಿನಾಥ್ ಪ್ರಕಟಿಸಿದರು. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ನಮ್ಮ ಕಾನಿನ ಹೆಸರನ್ನೇ ಇಟ್ಟರು. ಹುಡುಕಿ ಎಣಿಸಿದರೆ ಕಾಡಿನಲ್ಲಿ ನೂರು ದೊಡ್ಡ ಮರವೂ ಸಿಗಲಿಲ್ಲ! ಶಿರಸಿ ಅರಣ್ಯ ಕಾಲೇಜಿನ ವಾಸುದೇವ ಅವರೂ ಸಂಗಡಿಗರೂ ಬೀಜ ತಂದು ಸಸಿ ಮಾಡಿ, ಮತ್ತೆ ಜಡ್ಡಿಗಳಿಗೇ ನೆಡಿಸಿದರು. 2011ರಲ್ಲಿ ಈ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶಕ್ಕೆ ಸೇರಿತು.

ಈ ಮರಗಳ ಕಷ್ಟವೇನೆಂದರೆ, ರಾಮಪತ್ರೆಯ ಬೀಜ ಭತ್ತದ ಹಾಗೆ ಕಣಜದಲ್ಲಿಟ್ಟು ಬಿತ್ತುವಂಥದ್ದಲ್ಲ. ಒಣಗಿದರೆ ಸತ್ತಿತು. ಮಂಗಟ್ಟೆ ಹಕ್ಕಿ ಹಣ್ಣು ನುಂಗಿ ದೂರ ಹಾಕಿದರೆ ಹುಟ್ಟೀತು. ನಾವೋ, ಪತ್ರೆಗೆ ರೇಟು ಬಂತೆಂದು ಎಳೆಗಾಯಿ ಇರುವಾಗಲೇ ಕೊಂಬೆ ಕಡಿದು ಇಳಿಸುತ್ತೇವೆ. ಹಕ್ಕಿಗೂ ಇಲ್ಲ, ನೆಲಕ್ಕೂ ಇಲ್ಲ. ಎಳೆ ಪತ್ರೆ ತೂಕವೂ ಬರುವುದಿಲ್ಲ, ಇದು ವ್ಯಾಪಾರಸ್ಥರಿಗೆ ಗೊತ್ತು. ಜಡ್ಡಿ ಒಣಗಿದರೆ ಚೈತ್ರದಲ್ಲಿ ಕೆಳಗಿನ ತೋಟದ ಹಳ್ಳಕ್ಕೆ ನೀರೆಲ್ಲಿಂದ?

ಹಣ್ಣಾಗಿ ಉದುರಿದ ಪತ್ರೆಯನ್ನಷ್ಟೇ ಸಂಘ ಖರೀದಿಸಬೇಕು, ಅದಕ್ಕೆ ಕಿಲೋಗೆ ಸ್ವಲ್ಪ ಹೆಚ್ಚು ಕೊಡಬೇಕು ಎಂಬ ಸೂಚನೆಯನ್ನು ಬರುವ ಸಾಮಾನ್ಯ ಸಭೆಯಲ್ಲಿ ಇಡುವವನಿದ್ದೇನೆ. ಪತ್ರೆ ಬಿಡಿಸಿದ ಹಸಿ ಬೀಜವನ್ನು ಎಸೆಯದೆ ಅದೇ ದಿನ ಒದ್ದೆ ಗೋಣಿಯಲ್ಲಿ ಸಂಘಕ್ಕೆ ತನ್ನಿ. ಗೋದಾಮಿನ ಹಿಂದೆ ನೆರಳಿನಲ್ಲಿ ಪಾತಿ ಮಾಡಿಸುತ್ತೇವೆ.